ಗಡಿಯಾಚೆಯ ಶಿಬಿರಗಳು

1947ರಲ್ಲಿ ಅಫಜಲಪುರ ತಾಲ್ಲೂಕಿನ ಕರಜಗಿ ಸೀಮೆಯವರು ಭೀಮೆ ದಾಟಿ ಇಂಡಿ ಕಡೆ ಹೋದರೆ ಚಲಾವಣೆಯ ನಾಣ್ಯವೇ ಬೇರೆ. ಈಚೆ ಹೈದರಾಬಾದ್ ನಿಜಾಮನ ಹಾಲಿ ಸಿಕ್ಕಾ, ಆಚೆ ಬ್ರಿಟಿಷ್ ಭಾರತದ ಕಲ್ದಾರ್ ರೂಪಾಯಿ. ನಡುವೆ ಸುಂಕ ವಸೂಲಿಯ ಕರೋಡಗಿರಿ ನಾಕಾ. ಆಗಸ್ಟ್ 15ರಂದು ಆಚೆ ತ್ರಿವರ್ಣ ಧ್ವಜ ಏರಿತು. ಈಚೆ ಅದನ್ನು ಹಿಡಿದವರಿಗೆ ಜೈಲು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ, ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರನ್ನು ಅಂದೇ ಬಂಧಿಸಿದರು.

ನಿಜಾಮನ ಪರ ನಿಂತ ಖಾಸಗಿ ಪಡೆಯಾದ ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿದಂತೆ ಜನ ಮನೆಮಾರು ಬಿಟ್ಟು ಗಡಿ ದಾಟಿದರು. ಹಾಗೆ ಹೋದವರಿಂದಲೇ ಮುಂಡರಗಿ, ಗಜೇಂದ್ರಗಡ, ದುಧನಿ ಮೊದಲಾದ ಕಡೆ ಶಿಬಿರಗಳು ಎದ್ದವು. ಹಗಲು ನಿರಾಶ್ರಿತರಿಗೆ ಅನ್ನ, ಹುಡುಗರಿಗೆ ಬಂದೂಕಿನ ತಾಲೀಮು. ರಾತ್ರಿ ಗಡಿಯೊಳಗೆ ನುಗ್ಗಿ ನಾಕಾ ಸುಡುವುದು, ಚಾವಡಿಯ ದಫ್ತರಕ್ಕೆ ಬೆಂಕಿ ಇಡುವುದು. ಗುರಿ ಸರಿಯಾಗಿಯೇ ಇತ್ತು: ಕಂದಾಯದ ಕಾಗದ ಹೋದರೆ ಆ ಊರಿನಲ್ಲಿ ಸರ್ಕಾರಕ್ಕೆ ಉಳಿಯುವುದಾದರೂ ಏನು? ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರದವರು ಇನ್ನೂ ಮುಂದೆ ಹೋಗಿ ಕೊಪ್ಪಳ ಸೀಮೆಯ ಹಳ್ಳಿಗಳನ್ನೇ ನಿಜಾಮನ ಕೈಯಿಂದ ಬಿಡಿಸಿದರು.

ಹೀಗೆ ನೆಲ ಬಿಡಿಸಿದವರು ಅಲ್ಲೇ ತಮ್ಮ ರಾಜ್ಯ ಕಟ್ಟುವುದೂ ಉಂಟು. ಯುದ್ಧದ ನಡುವೆಯೇ ಹೋರಾಟಗಾರರು ರಾಜ್ಯ ಕಟ್ಟಿದ ದೊಡ್ಡ ಉದಾಹರಣೆ ಯುಗೊಸ್ಲಾವಿಯದ್ದು. 1943ರ ನವೆಂಬರ್ 29ರಂದು ಬೋಸ್ನಿಯಾದ ಯಾಯ್ತ್ಸೆ ಪಟ್ಟಣದಲ್ಲಿ ನಾಯಕ ಟಿಟೊ ಅವರ ಪಾರ್ಟಿಸಾನರು, ಅಂದರೆ ಗೆರಿಲ್ಲಾ ಹೋರಾಟಗಾರರು, ಸಭೆ ಸೇರಿ, ದೇಶ ಇನ್ನೂ ನಾಜಿಗಳ ಹಿಡಿತದಲ್ಲಿದ್ದಾಗಲೇ ಒಕ್ಕೂಟ ರಾಜ್ಯದ ಬುನಾದಿ ಹಾಕಿದರು. ದೇಶ ಬಿಟ್ಟು ಹೋಗಿದ್ದ ರಾಜ ಮರಳದಂತೆ ನಿಷೇಧಿಸಿದರು.

ನಮ್ಮ ಶಿಬಿರಗಳಿಗೆ ಬೇರೆ ರಾಜ್ಯ ಕಟ್ಟುವ ಆಸೆ ಇರಲಿಲ್ಲ. ಆಚೆ ದಡದಲ್ಲಿ ಒಕ್ಕೂಟವೊಂದು ಆಗಲೇ ಸಿದ್ಧವಾಗುತ್ತಿತ್ತು, ಅದರಲ್ಲಿ ಸೇರಿದರೆ ಸಾಕಿತ್ತು. ಅದೇ ಅವರ ದೊಡ್ಡಸ್ತಿಕೆ. ಮುಂದೆ ಆಳ್ವಿಕೆಯಲ್ಲಿ ಅವರಿಗೆ ಪಾಲು ಸಿಗದಿದ್ದುದಕ್ಕೆ ಕಾರಣವೂ ಅದೇ ಎಂದು ನನಗನಿಸುತ್ತದೆ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮ ಶರಣಾದ. ಆಡಳಿತ ಹೋದದ್ದು ಶಿಬಿರದವರ ಕೈಗಲ್ಲ, ಮಿಲಿಟರಿ ಗವರ್ನರ್ ಮೇಜರ್ ಜನರಲ್ ಜೆ.ಎನ್. ಚೌಧರಿ ಕೈಗೆ. ಶಿವಮೂರ್ತಿಸ್ವಾಮಿಗಳು 1952ರಲ್ಲಿ ಕುಷ್ಟಗಿಯಿಂದ ಲೋಕಸಭೆಗೆ ಗೆದ್ದದ್ದೂ ಪಕ್ಷೇತರರಾಗಿಯೇ.

ಯಾಯ್ತ್ಸೆಯ ಸಭೆ ದೂರವಿಟ್ಟ ರಾಜ ಮತ್ತೆ ತಾಯ್ನೆಲಕ್ಕೆ ಕಾಲಿಡಲಿಲ್ಲ. ನಮ್ಮ ನಿಜಾಮ 1950ರಲ್ಲಿ ಹೈದರಾಬಾದಿನ ರಾಜಪ್ರಮುಖ, ಅಂದರೆ ರಾಜ್ಯಪಾಲರಿಗೆ ಸಮನಾದ ಮುಖ್ಯಸ್ಥರಾದರು; 1956ರ ನವೆಂಬರ್ 1ರಂದು ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯ ಸೇರುವವರೆಗೂ ಆ ಪದವಿಯಲ್ಲಿದ್ದರು.