ಗಡಿಗಳ ನಡುವೆ ಸ್ನಿನಾ ಸೀಮೆಯ ಹಳ್ಳಿಗಳು

ಯುರೋಪಿನ ಭೂಪಟದಲ್ಲಿ ಪೋಲೆಂಡ್, ಉಕ್ರೇನ್ ಮತ್ತು ಸ್ಲೊವಾಕಿಯಾ ಎಂಬ ಮೂರು ದೇಶಗಳ ಗಡಿಗಳು ಒಂದೆಡೆ ಕೂಡುವ ಸ್ಥಳವೊಂದಿದೆ. ಕಾರ್ಪೇಥಿಯನ್ ಪರ್ವತಸಾಲಿನ ಕ್ರೆಮೆನೆತ್ಸ್ ಶಿಖರವೇ ಆ ಸ್ಥಳ. ಅದರ ಎತ್ತರ ಸುಮಾರು 1,200 ಮೀಟರು. ಅಲ್ಲಿಂದ ನೈಋತ್ಯಕ್ಕೆ ಇಳಿದರೆ ಸಿಗುವ ಕಾಡು, ಕಣಿವೆ, ಹುಲ್ಲುಗಾವಲುಗಳ ನಾಡು ಸ್ಲೊವಾಕಿಯಾದ ಪೂರ್ವದ ತುದಿಯಾದ ಸ್ನಿನಾ ಜಿಲ್ಲೆ. ವಿಸ್ತೀರ್ಣ ಸುಮಾರು 805 ಚದರ ಕಿಲೋಮೀಟರು, ಅಂದರೆ ನಮ್ಮ ಕಾಸರಗೋಡು ಜಿಲ್ಲೆಯ ಅರ್ಧಕ್ಕಿಂತಲೂ ಕಡಿಮೆ. ಜನಸಂಖ್ಯೆ ಮೂವತ್ತೈದು ಸಾವಿರದ ಆಸುಪಾಸು. ನಮ್ಮಲ್ಲಿ ಒಂದು ಚದರ ಕಿಲೋಮೀಟರಿಗೆ ಆರುನೂರಕ್ಕೂ ಮಿಕ್ಕಿ ಜನರಿದ್ದರೆ ಅಲ್ಲಿ ಐವತ್ತು ಮಂದಿಯೂ ಇಲ್ಲ.

ಇಷ್ಟು ದೂರದ ಒಂದು ಮೂಲೆಯ ಚರಿತ್ರೆಯನ್ನು ನಮ್ಮ ಓದುಗರ ಮುಂದಿಡಲು ಕಾರಣವಿದೆ. ಅಲ್ಲಿನ ಅನೇಕ ಹಳ್ಳಿಗಳು ರುಸಿನ್ ಎಂಬ ಭಾಷೆಯನ್ನಾಡುವ ಅಲ್ಪಸಂಖ್ಯಾತರ ಹಳ್ಳಿಗಳು. ಸ್ಲೊವಾಕ್ ಭಾಷೆಯಂತೆ ರುಸಿನ್ ಕೂಡ ಸ್ಲಾವ್ ಭಾಷಾಕುಟುಂಬಕ್ಕೆ ಸೇರಿದ್ದು. ಆದರೆ ಉಕ್ರೇನಿಯನ್ ಭಾಷೆಗೆ ಹೆಚ್ಚು ಸಮೀಪ, ಬರೆಯುವುದು ಸಿರಿಲಿಕ್ ಲಿಪಿಯಲ್ಲಿ. ಗಡಿ, ಯುದ್ಧ, ಅಣೆಕಟ್ಟು, ಶಾಲೆ, ಜನಗಣತಿ ಇವೆಲ್ಲ ಸೇರಿ ಒಂದು ಸಣ್ಣ ಭಾಷೆಯ ಬಾಳನ್ನು ಹೇಗೆ ತಿದ್ದುತ್ತವೆ ಎಂಬುದಕ್ಕೆ ಈ ಹಳ್ಳಿಗಳು ಒಳ್ಳೆಯ ನಿದರ್ಶನ.

ಕುರಿಗಾಹಿಗಳ ಊರುಗಳು

ಈ ಕಣಿವೆಗಳಲ್ಲಿ ಊರುಗಳು ಎದ್ದುದು ಹೆಚ್ಚಾಗಿ 14ರಿಂದ 16ನೆಯ ಶತಮಾನಗಳ ನಡುವೆ. ಆಗ ಈ ಪ್ರದೇಶ ಹಂಗೇರಿ ರಾಜ್ಯಕ್ಕೆ ಸೇರಿತ್ತು. ಹುಮೆನ್ನೆ ಎಂಬಲ್ಲಿ ನೆಲೆಸಿದ್ದ ಡ್ರುಗೆತ್ ಮನೆತನದವರು ಇಲ್ಲಿನ ಧಣಿಗಳು. ಕಾಡು ಕಡಿದು ನೆಲೆಸಲು ಬಂದವರಿಗೆ 'ವಲಾಖ್ ಕಾಯಿದೆ' ಎಂಬ ಕಟ್ಟಳೆಯ ಪ್ರಕಾರ ಭೂಮಿ ಕೊಡಲಾಗುತ್ತಿತ್ತು. ಊರು ಕಟ್ಟಿಸಿದವನು ನಮ್ಮ ಹಿಂದಿನ ಪಟೇಲರಂತೆ ಊರ ಮುಖ್ಯಸ್ಥನಾಗುತ್ತಿದ್ದ. ಒಕ್ಕಲುಗಳು ಕುರಿ, ಕುರಿಹಾಲಿನ ಚೀಸ್ ಮುಂತಾದವನ್ನು ಗೇಣಿಯಾಗಿ ಅಳೆಯುತ್ತಿದ್ದರು. ಬೆಟ್ಟದ ನೆತ್ತಿಯ ಹುಲ್ಲುಗಾವಲಿಗೆ ಅಲ್ಲಿ 'ಪೊಲೊನಿನಾ' ಎಂದು ಹೆಸರು. 1997ರಲ್ಲಿ ಸ್ಥಾಪನೆಯಾದ ಪೊಲೊನಿನಿ ರಾಷ್ಟ್ರೀಯ ಉದ್ಯಾನಕ್ಕೆ ಹೆಸರು ಬಂದುದು ಅದರಿಂದಲೇ.

ಊರುಗಳ ಹೆಸರಿನಲ್ಲಿಯೂ ಚರಿತ್ರೆಯಿದೆ. 'ರುಸ್ಕಿ ಪೊಟೊಕ್' ಎಂದರೆ ರುಸಿನರ ತೋಡು. 'ವೆಲ್ಕಾ ಪೊಲ್ಯಾನಾ' ಎಂದರೆ ಕಾಡಿನ ನಡುವಣ ದೊಡ್ಡ ಬಯಲು. ಜಿಲ್ಲೆಯ ಒಂದೇ ಪಟ್ಟಣವಾದ ಸ್ನಿನಾದಲ್ಲಿ 18ನೆಯ ಶತಮಾನದ ಕೊನೆಯ ಭಾಗದ ಒಂದು ಅರಮನೆಯಿದೆ. ಅದರ ಅಂಗಳದಲ್ಲಿ ನಿಂತಿರುವ ಹರ್ಕ್ಯುಲಿಸನ ವಿಗ್ರಹವನ್ನು 1841ರಲ್ಲಿ ಸಮೀಪದ ಕಬ್ಬಿಣದ ಕಾರ್ಖಾನೆಯಲ್ಲಿ ಎರಕ ಹೊಯ್ಯಲಾಯಿತು. ಆದರೆ ಬೆಟ್ಟದ ಮೇಲಿನ ಹಳ್ಳಿಗರಿಗೆ ಆ ಕಾರ್ಖಾನೆಯಿಂದ ಹೊಟ್ಟೆ ತುಂಬಲಿಲ್ಲ. ಬಟಾಟೆ, ಓಟ್ಸ್ ಬಿಟ್ಟರೆ ಹೆಚ್ಚೇನೂ ಬೆಳೆಯದ ನೆಲವನ್ನು ಬಿಟ್ಟು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಾವಿರಾರು ರುಸಿನರು ಅಮೆರಿಕದ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳಿಗೆ ಹೋದರು.

ಮರದ ಇಗರ್ಜಿಗಳು

ರುಸಿನರ ಪೂಜಾವಿಧಿ ಪೂರ್ವದೇಶದ ಕ್ರೈಸ್ತರದು. 1646ರಲ್ಲಿ ಉಜ್‌ಹೊರೊದ್ ಎಂಬಲ್ಲಿ ಆದ ಒಪ್ಪಂದದಂತೆ ಅವರ ಪಾದ್ರಿಗಳು ಹಳೆಯ ವಿಧಿಗಳನ್ನು ಉಳಿಸಿಕೊಂಡೇ ರೋಮಿನ ಪೋಪರ ಅಧಿಕಾರವನ್ನು ಒಪ್ಪಿದರು. ಅಲ್ಲಿಂದ ಅವರದು ಗ್ರೀಕ್ ಕೆಥೊಲಿಕ್ ಸಭೆಯೆನಿಸಿತು. ಈ ಸಭೆಯ ಮರದ ಇಗರ್ಜಿಗಳೇ ಸ್ನಿನಾ ಸೀಮೆಯ ದೊಡ್ಡ ಆಸ್ತಿ. ಟೊಪೊಲ್ಯಾ ಗ್ರಾಮದ ಇಗರ್ಜಿ ಸುಮಾರು 1700ರ ಕಾಲದ್ದು; ಉಲಿಚ್‌ಸ್ಕೆ ಕ್ರಿವೆಯದು 1718ರದು; ರುಸ್ಕಿ ಪೊಟೊಕಿನದು 1740ರದು. ಮರದ ದಿಮ್ಮಿಗಳನ್ನು ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಸಿ ಗೋಡೆ ಎಬ್ಬಿಸುತ್ತಾರೆ. ಮಾಡಿಗೆ ಸಣ್ಣ ಸಣ್ಣ ಸೀಳುಹಲಗೆಗಳ ಹೊದಿಕೆ. ಒಳಗೆ ಮೂರು ಭಾಗಗಳು: ಹೆಂಗಸರು ನಿಲ್ಲುವ ಮುಂಭಾಗ, ನಡುಭಾಗ, ಕೊನೆಗೆ ಗರ್ಭಗುಡಿಯಂಥ ಬಲಿಪೀಠದ ಕೋಣೆ. ನಡುಭಾಗಕ್ಕೂ ಬಲಿಪೀಠಕ್ಕೂ ನಡುವೆ ಸಂತರ ಚಿತ್ರಗಳನ್ನು ಸಾಲಾಗಿ ಜೋಡಿಸಿದ ಒಂದು ಮರದ ಗೋಡೆ. ನೊವಾ ಸೆಡ್ಲಿತ್ಸಾ ಗ್ರಾಮದ 1754ರ ಇಗರ್ಜಿಯನ್ನು ಬಿಚ್ಚಿ ಒಯ್ದು ಹುಮೆನ್ನೆಯ ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದ್ದಾರೆ.

1950ರಲ್ಲಿ ಚೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಸರಕಾರ ಗ್ರೀಕ್ ಕೆಥೊಲಿಕ್ ಸಭೆಯನ್ನೇ ರದ್ದುಮಾಡಿ, ಭಕ್ತರನ್ನೂ ಇಗರ್ಜಿಗಳನ್ನೂ ಆರ್ಥೊಡಾಕ್ಸ್ ಸಭೆಗೆ ಸೇರಿಸಿಬಿಟ್ಟಿತು. 1968ರಲ್ಲಿ ಮತ್ತೆ ಅನುಮತಿ ದೊರೆಯಿತು. ಆ ಹದಿನೆಂಟು ವರ್ಷಗಳಲ್ಲಿ ಒಂದೇ ಊರಿನವರು ಎರಡು ಪಂಗಡಗಳಾದ ಉದಾಹರಣೆಗಳು ಅನೇಕ.

ಬಾಲಬೋಧೆ ಬರೆದ ಪಾದ್ರಿ

ಇಂದು ಇನ್ನೂರು ಜನರೂ ಇಲ್ಲದ ಟೊಪೊಲ್ಯಾ ಗ್ರಾಮದಲ್ಲಿ 1803ರಲ್ಲಿ ಅಲೆಕ್ಸಾಂಡರ್ ದುಖ್ನೊವಿಚ್ ಎಂಬ ಮಹನೀಯರು ಹುಟ್ಟಿದರು. ಪಾದ್ರಿಯ ಮಗನಾಗಿ ಹುಟ್ಟಿ ತಾವೂ ಪಾದ್ರಿಯಾದರು. ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸದಲ್ಲಿರುವ ನಮಗೆ ಅವರ ಮೇಲೆ ವಿಶೇಷ ಗೌರವ. ಏಕೆಂದರೆ ರುಸಿನ್ ಮಕ್ಕಳಿಗಾಗಿ ಅವರಾಡುವ ನುಡಿಗೆ ಹತ್ತಿರವಾದ ಭಾಷೆಯಲ್ಲಿ ಒಂದು ಬಾಲಬೋಧೆಯನ್ನು ಬರೆದು 1847ರಲ್ಲಿ ಅಚ್ಚುಹಾಕಿಸಿದವರು ಇವರೇ. 1850ರಲ್ಲಿ ಪ್ರೆಶೊವ್ ನಗರದಲ್ಲಿ ಒಂದು ಸಾಹಿತ್ಯ ಸಂಘವನ್ನೂ ಸ್ಥಾಪಿಸಿದರು. ತಾನು ರುಸಿನನೆಂದು ಹೆಮ್ಮೆಯಿಂದ ಸಾರುವ ಅವರ ಒಂದು ಕವಿತೆ ಆ ಜನರಿಗೆ ನಾಡಗೀತೆಯಂತೆ ಆಯಿತು. 1865ರಲ್ಲಿ ಅವರು ತೀರಿಕೊಂಡರು. ಪ್ರೆಶೊವಿನ ರುಸಿನ್ ನಾಟಕಶಾಲೆಗೆ 1990ರಿಂದ ಅವರ ಹೆಸರಿದೆ.

ದುಖ್ನೊವಿಚರು ಬಾಲಬೋಧೆ ಕೊಟ್ಟರೂ ಶಾಲೆಗಳು ಆ ಭಾಷೆಗೆ ಉಳಿಯಲಿಲ್ಲ. 1907ರಲ್ಲಿ ಹಂಗೇರಿಯ ವಿದ್ಯಾಮಂತ್ರಿ ಆಪ್ಪೊನ್ಯಿಯ ಹೆಸರಿನ ಕಾಯಿದೆ ಬಂದು ಹಳ್ಳಿಯ ಶಾಲೆಗಳಲ್ಲಿಯೂ ಹಂಗೇರಿಯನ್ ಭಾಷೆಯನ್ನು ಬಲಪಡಿಸಿತು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ಎಂಬ ಪರಿಸ್ಥಿತಿಗೆ ಅಲ್ಲಿನ ಮಕ್ಕಳು ಒಗ್ಗಿಕೊಳ್ಳಬೇಕಾಯಿತು.

ಊರು ಕದಲದೆ ದೇಶ ಬದಲಾಯಿತು

ಮೊದಲ ಮಹಾಯುದ್ಧದ 1914-15ರ ಚಳಿಗಾಲದಲ್ಲಿ ರಷ್ಯದ ಸೇನೆಗೂ ಆಸ್ಟ್ರಿಯಾ-ಹಂಗೇರಿಯ ಸೇನೆಗೂ ಈ ಬೆಟ್ಟಗಳಲ್ಲಿಯೇ ಘೋರ ಕಾಳಗ ನಡೆಯಿತು. ಗುಂಡಿನಿಂದ ಸತ್ತವರಂತೆ ಹಿಮದಲ್ಲಿ ಮರಗಟ್ಟಿ ಸತ್ತವರೂ ಅಸಂಖ್ಯ. ಒಸಾಡ್ನೆ ಗ್ರಾಮದ ಇಗರ್ಜಿಯ ನೆಲಮಾಳಿಗೆಯಲ್ಲಿ 1,025 ರಷ್ಯನ್ ಸೈನಿಕರ ಅಸ್ಥಿಗಳನ್ನು ಇರಿಸಲಾಗಿದೆ. ಟೊಪೊಲ್ಯಾ, ವೆಲ್ಕಾ ಪೊಲ್ಯಾನಾಗಳಲ್ಲಿಯೂ ಆ ಯುದ್ಧದ ಸೈನಿಕರ ಸ್ಮಶಾನಗಳಿವೆ.

1918ರಲ್ಲಿ ಚೆಕೊಸ್ಲೊವಾಕಿಯಾ ಹುಟ್ಟಿತು. 1939ರ ಮಾರ್ಚ್ ತಿಂಗಳಲ್ಲಿ ಅದು ಒಡೆದು ಸ್ಲೊವಾಕಿಯಾ ಬೇರೆಯಾಯಿತು. ಕೆಲವೇ ದಿನಗಳಲ್ಲಿ, ಮಾರ್ಚ್ 23ರಂದು ಹಂಗೇರಿಯ ಸೇನೆ ಪೂರ್ವದಿಂದ ನುಗ್ಗಿತು. ಏಪ್ರಿಲ್ ಮೊದಲ ವಾರದ ಒಪ್ಪಂದದಂತೆ ಉಲಿಚ್, ಸ್ಟಾಕ್ಚಿನ್ ಮೊದಲಾದ ಊರುಗಳಿದ್ದ ಗಡಿಪಟ್ಟಿ ಹಂಗೇರಿಗೆ ಹೋಯಿತು. ಸ್ನಿನಾ ಪಟ್ಟಣ ಸ್ಲೊವಾಕಿಯಾದಲ್ಲಿ ಉಳಿಯಿತು. ಗಡಿಯ ಎರಡು ಕಡೆಯ ಯಹೂದಿ ಕುಟುಂಬಗಳಿಗೂ ಕೊನೆಗೆ ಒಂದೇ ಗತಿಯಾಯಿತು. ಸ್ಲೊವಾಕಿಯಾದ ಕಡೆಯವರನ್ನು 1942ರಲ್ಲಿ, ಹಂಗೇರಿಯ ಕಡೆಯವರನ್ನು 1944ರಲ್ಲಿ ಸಾವಿನ ಶಿಬಿರಗಳಿಗೆ ಸಾಗಿಸಲಾಯಿತು.

ಯುದ್ಧ ಮುಗಿದ ಮೇಲೆ ಮತ್ತೆ ಚೆಕೊಸ್ಲೊವಾಕಿಯಾ. 1993ರ ಜನವರಿ 1ರಿಂದ ಸ್ಲೊವಾಕಿಯಾ. 1910ರಲ್ಲಿ ಉಲಿಚಿನಲ್ಲಿ ಹುಟ್ಟಿ ಎಂಬತ್ತನಾಲ್ಕು ವರ್ಷ ಬದುಕಿದ ಒಬ್ಬ ಅಜ್ಜಿಯನ್ನು ನಾವು ಊಹಿಸಿಕೊಂಡರೆ, ಆಕೆ ಊರು ಬಿಟ್ಟು ಕದಲದೆಯೇ ಐದು ಸಲ ದೇಶ ಬದಲಿಸಿದಂತಾಯಿತು.

1947ರಲ್ಲಿ ಸೋವಿಯತ್ ಒಕ್ಕೂಟದ ಆಶ್ವಾಸನೆಗಳನ್ನು ನಂಬಿ ಸ್ಲೊವಾಕಿಯಾದ ಈಶಾನ್ಯ ಭಾಗದಿಂದ ಸುಮಾರು 12,000 ಜನ ಉಕ್ರೇನಿನ ವೊಲಿನ್ ಪ್ರಾಂತಕ್ಕೆ ಹೊರಟುಹೋದರು. ಹೇಳಿದಷ್ಟು ಸುಖ ಅಲ್ಲಿ ಸಿಗಲಿಲ್ಲ. 1960ರ ದಶಕದಲ್ಲಿ ಅವರಲ್ಲಿ ಅನೇಕರು ಹಿಂದಿರುಗಿದರು.

ಏಳು ಊರುಗಳು

ಯುದ್ಧಗಳನ್ನು ತಾಳಿಕೊಂಡ ಏಳು ಊರುಗಳು ಶಾಂತಿಕಾಲದಲ್ಲಿ ಇಲ್ಲವಾದವು. ಪೂರ್ವ ಸ್ಲೊವಾಕಿಯಾದ ನಗರಗಳಿಗೆ ಕುಡಿಯುವ ನೀರು ಸಾಲದೆ ಬಂದಾಗ ತ್ಸಿರೊಖಾ ನದಿಗೆ ಅಣೆಕಟ್ಟು ಕಟ್ಟಲು ಸರಕಾರ ತೀರ್ಮಾನಿಸಿತು. 1981ರಲ್ಲಿ ಕೆಲಸ ಆರಂಭವಾಗಿ 1988ರಲ್ಲಿ ಮುಗಿಯಿತು. ಸುಮಾರು 6 ಕೋಟಿ ಘನಮೀಟರು ನೀರು ನಿಲ್ಲುವ ಈ ಸ್ಟಾರಿನಾ ಜಲಾಶಯ ಸ್ಲೊವಾಕಿಯಾದ ಅತಿ ದೊಡ್ಡ ಕುಡಿಯುವ ನೀರಿನ ಜಲಾಶಯ. ಹುಮೆನ್ನೆ, ಪ್ರೆಶೊವ್, ಕೊಶಿತ್ಸೆ ನಗರಗಳಿಗೆ ನೀರು ಇಲ್ಲಿಂದ ಹೋಗುತ್ತದೆ.

ಇದಕ್ಕಾಗಿ ದಾರಾ, ಒಸ್ಟ್ರೊಜ್ನಿತ್ಸಾ, ರುಸ್ಕೆ, ಸ್ಮೊಲ್ನಿಕ್, ಸ್ಟಾರಿನಾ, ವೆಲ್ಕಾ ಪೊಲ್ಯಾನಾ, ಜ್ವಾಲಾ ಎಂಬ ಏಳು ಹಳ್ಳಿಗಳನ್ನು ತೆರವು ಮಾಡಿಸಲಾಯಿತು. ಮನೆ ಬಿಟ್ಟವರು ಸುಮಾರು ಮೂರೂವರೆ ಸಾವಿರ ಜನ. ಏಳೂ ಊರುಗಳು ನೀರಿನಲ್ಲಿ ಮುಳುಗಿದವೆಂದು ಓದುಗರು ತಿಳಿಯಬಾರದು. ರುಸ್ಕೆಯಂಥ ಮೇಲ್ದಂಡೆಯ ಊರುಗಳ ಹತ್ತಿರಕ್ಕೂ ನೀರು ಬರಲಿಲ್ಲ. ಆದರೆ ಜಲಾಶಯಕ್ಕೆ ಹರಿದು ಬರುವ ನೀರು ಶುದ್ಧವಾಗಿರಬೇಕಾದರೆ ಮೇಲ್ದಂಡೆಯಲ್ಲಿ ಮನೆ, ಹಟ್ಟಿ, ಗೊಬ್ಬರದ ಗುಂಡಿ ಯಾವುದೂ ಇರಬಾರದೆಂದು ಅಧಿಕಾರಿಗಳು ನಿಶ್ಚಯಿಸಿದರು. ಮನೆಗಳನ್ನು ಕೆಡವಿದರು. ಜನರಿಗೆ ಪರಿಹಾರ ದೊರೆಯಿತು. ಬಹಳ ಮಂದಿ ಸ್ನಿನಾ, ಹುಮೆನ್ನೆ ಮುಂತಾದ ಪಟ್ಟಣಗಳನ್ನು ಸೇರಿದರು. ನಲ್ಲಿ ನೀರು, ವಿದ್ಯುತ್ತು, ಆಸ್ಪತ್ರೆ ಎಲ್ಲವೂ ಹತ್ತಿರವಾದವು. ಅದನ್ನು ಅನುಕೂಲವೆಂದು ಒಪ್ಪಿಕೊಂಡವರೂ ಇದ್ದರು. ಆದರೆ ಒಂದೇ ಬೀದಿಯಲ್ಲಿ ರುಸಿನ್ ಮಾತಾಡಿಕೊಂಡಿದ್ದ ನೆರೆಹೊರೆ ಸ್ಲೊವಾಕ್ ಮಾತಾಡುವ ಪಟ್ಟಣಗಳಲ್ಲಿ ಹಂಚಿಹೋಯಿತು. ಭಾಷೆಗೆ ಆದ ನಷ್ಟಕ್ಕೆ ಪರಿಹಾರದ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಉಳಿದಿರುವುದು ಸ್ಮಶಾನಗಳು. ಹಳೆಯ ಊರಿನವರು ತಮ್ಮ ಮಕ್ಕಳು ಮೊಮ್ಮಕ್ಕಳೊಂದಿಗೆ ಅಲ್ಲಿಗೆ ಹೋಗಿ ಹಿರಿಯರ ಗೋರಿಗಳಿಗೆ ಹೂವಿಟ್ಟು ಪ್ರಾರ್ಥಿಸಿ ಬರುತ್ತಾರೆ. ಜನರಿಲ್ಲದ ಕಣಿವೆಗಳಲ್ಲಿ ಕಾಡು ಹಬ್ಬಿದೆ. ಜಿಲ್ಲೆಯ ಸ್ತುಜಿತ್ಸಾ, ಹವೆಶೊವಾ, ರೊಜೊಕ್ ಎಂಬ ಪುರಾತನ ಬೀಚ್ ಮರಗಳ ಕಾಡುಗಳು 2007ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವಿದ್ಯುದ್ದೀಪಗಳು ತೀರ ಕಡಿಮೆಯಿರುವುದರಿಂದ ನಕ್ಷತ್ರ ನೋಡಲು ಯೋಗ್ಯವಾದ ಕತ್ತಲೆಯ ಆಕಾಶದ ತಾಣವೆಂದು 2010ರಲ್ಲಿ ಪೊಲೊನಿನಿಯನ್ನು ಘೋಷಿಸಲಾಯಿತು.

ಜನಗಣತಿಯ ಎರಡು ಅಂಕಣಗಳು

ಕಮ್ಯುನಿಸ್ಟ್ ಆಡಳಿತ ರುಸಿನರೆಂಬ ಪ್ರತ್ಯೇಕ ಜನಾಂಗವೇ ಇಲ್ಲ, ಇವರೆಲ್ಲ ಉಕ್ರೇನಿಯನ್ನರು ಎಂದು ತೀರ್ಮಾನಿಸಿ 1952ರಿಂದ ಶಾಲೆಗಳಿಗೆ ಉಕ್ರೇನಿಯನ್ ಭಾಷೆಯನ್ನು ತಂದಿತು. ತಮ್ಮದಲ್ಲದ ಆ ಸಾಹಿತ್ಯಭಾಷೆಯನ್ನು ಕಲಿಯುವುದಕ್ಕಿಂತ ಮುಂದೆ ಉದ್ಯೋಗಕ್ಕೆ ಬರುವ ಸ್ಲೊವಾಕ್ ಮಾಧ್ಯಮವೇ ಲೇಸೆಂದು ಎಷ್ಟೋ ತಂದೆತಾಯಿಗಳು ಬಗೆದರು. ಊರಿಂದೂರಿಗೆ ಶಾಲೆಗಳು ಸ್ಲೊವಾಕಿಗೆ ತಿರುಗಿದವು. ಉಕ್ರೇನಿಯನ್ ಬೇಡವೆಂದ ಮಕ್ಕಳ ಪಾಲಿಗೆ ರುಸಿನ್ ಕೂಡ ಇಲ್ಲವಾಯಿತು.

1989ರಲ್ಲಿ ಆ ಆಡಳಿತ ಬಿದ್ದ ಮೇಲೆ ದಾರಿ ತೆರೆಯಿತು. 1991ರಲ್ಲಿ 'ನರೊದ್ನಿ ನೊವಿಂಕಿ' ಎಂಬ ರುಸಿನ್ ಪತ್ರಿಕೆ ಹೊರಟಿತು. 1995ರ ಜನವರಿ 27ರಂದು ವ್ಯಾಕರಣ, ಕಾಗುಣಿತಗಳನ್ನು ನಿಶ್ಚಯಿಸಿ ರುಸಿನ್ ಸಾಹಿತ್ಯಭಾಷೆಯಾಯಿತೆಂದು ರಾಜಧಾನಿ ಬ್ರಾಟಿಸ್ಲಾವಾದಲ್ಲಿ ಘೋಷಿಸಲಾಯಿತು. ಶೇಕಡಾ 20ರಷ್ಟು ಅಲ್ಪಸಂಖ್ಯಾತರಿರುವ ಗ್ರಾಮಗಳಲ್ಲಿ ಊರಿನ ಹೆಸರಿನ ಫಲಕ ಅವರ ಭಾಷೆಯಲ್ಲಿಯೂ ಇರಬೇಕೆಂದು 1994ರಲ್ಲಿ, ಕಚೇರಿಗಳಲ್ಲಿ ಆ ಭಾಷೆಯನ್ನು ಬಳಸಬಹುದೆಂದು 1999ರಲ್ಲಿ ಕಾಯಿದೆಗಳಾದವು. 2011ರ ತಿದ್ದುಪಡಿಯಂತೆ, ಸತತ ಎರಡು ಜನಗಣತಿಗಳಲ್ಲಿ ಶೇಕಡಾ 15 ಇದ್ದರೆ ಕಚೇರಿಯ ಬಳಕೆಗೆ ಸಾಕು. ಸರಕಾರಿ ಪ್ರಕಟಣೆಗಳ ವಿಷಯದಲ್ಲಿ ನಮ್ಮ ದೇಶದ ಭಾಷಾ ಅಲ್ಪಸಂಖ್ಯಾತರಿಗೂ ಹೇಳಿರುವ ಅಂಕೆ 15 ಎಂಬುದನ್ನು ಓದುಗರು ಬಲ್ಲರು.

ಇನ್ನು ಅಂಕಿಗಳನ್ನು ನೋಡೋಣ. ಸ್ಲೊವಾಕಿಯಾದ ಜನಗಣತಿಯಲ್ಲಿ ರಾಷ್ಟ್ರೀಯತೆ ಮತ್ತು ಮಾತೃಭಾಷೆಗೆ ಬೇರೆ ಬೇರೆ ಅಂಕಣಗಳಿವೆ. 1991ರಲ್ಲಿ ಇಡೀ ದೇಶದಲ್ಲಿ ರುಸಿನರೆಂದು ಬರೆಸಿದವರು ಸುಮಾರು 17,000. ರುಸಿನ್ ಮಾತೃಭಾಷೆಯೆಂದವರು ಸುಮಾರು 49,000. 2011ರಲ್ಲಿ ಮೊದಲನೆಯದು 33,482ಕ್ಕೂ ಎರಡನೆಯದು 55,469ಕ್ಕೂ ಏರಿತು. 2021ರಲ್ಲಿ ಎರಡನೆಯ ರಾಷ್ಟ್ರೀಯತೆಯನ್ನೂ ಬರೆಸಲು ಅವಕಾಶವಾದಾಗ ಎರಡೂ ಸೇರಿ ರುಸಿನರೆಂದವರು 63,556 ಮಂದಿ. ಆದರೆ ರುಸಿನ್ ಮಾತೃಭಾಷೆಯೆಂದವರು ಅದೇ ವರ್ಷ 38,679ಕ್ಕೆ ಇಳಿದರು. ನಾವು ರುಸಿನರು ಎಂದು ಹೇಳುವವರು ಹೆಚ್ಚುತ್ತಿದ್ದಾರೆ. ರುಸಿನ್ ಮಾತಾಡುತ್ತ ಬೆಳೆದವರು ಕಡಿಮೆಯಾಗುತ್ತಿದ್ದಾರೆ. ಅಭಿಮಾನ ಏರುತ್ತಿರುವಾಗಲೇ ಭಾಷೆ ಇಳಿಯುತ್ತಿದೆಯೆಂಬುದನ್ನು ಗಮನಿಸಬೇಕು. ಎರಡು ತಲೆಮಾರು ಶಾಲೆಯಿಂದ ಹೊರಗುಳಿದ ಭಾಷೆಗೆ ಈ ಗತಿ ಬಂದರೆ ಆಶ್ಚರ್ಯವಿಲ್ಲ.

ಇದನ್ನು ಅರಿತವರು ಅಲ್ಲಿಯೂ ಇದ್ದಾರೆ. ಸ್ನಿನಾ ಜಿಲ್ಲೆಯ ಕಲ್ನಾ ರೊಸ್ಟೊಕಾ ಮತ್ತು ಕ್ಲೆನೊವಾ ಎಂಬ ಸಣ್ಣ ಗ್ರಾಮಗಳಲ್ಲಿ ಈ ಶತಮಾನದಲ್ಲಿ ರುಸಿನ್ ಮಾಧ್ಯಮದ ಪ್ರಾಥಮಿಕ ಶಾಲೆಗಳು ನಡೆದುಬಂದವು. ಪ್ರೆಶೊವ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ರುಸಿನ್ ಭಾಷೆ ಮತ್ತು ಸಂಸ್ಕೃತಿಗಾಗಿ ಒಂದು ಸಂಸ್ಥೆ ಏರ್ಪಟ್ಟಿತು. ಊರಿನ ಫಲಕ, ಕಚೇರಿಯ ಕಾಗದ, ಜನಗಣತಿಯ ಅಂಕಣ ಇವೆಲ್ಲ ಬೇಕಾದವುಗಳೇ. ಆದರೆ ಆ ಫಲಕವನ್ನು ಓದಬಲ್ಲ ಮಗು ತಯಾರಾಗುವುದು ಒಂದನೆಯ ತರಗತಿಯಲ್ಲಿ. ಆ ತರಗತಿಗೆ ಮಗುವನ್ನು ಸೇರಿಸುವ ನಿರ್ಧಾರ ಟೊಪೊಲ್ಯಾದಲ್ಲಾಗಲಿ ನಮ್ಮ ಊರುಗಳಲ್ಲಾಗಲಿ ತಂದೆತಾಯಿಗಳದೇ. ಹೊಸ ಶಾಲಾ ವರ್ಷಕ್ಕೆ ಮಕ್ಕಳನ್ನು ಸೇರಿಸುವ ಮುನ್ನ ಸ್ನಿನಾ ಸೀಮೆಯ ಆ ಎರಡು ಅಂಕಣಗಳನ್ನು ನಮ್ಮ ಓದುಗರು ಒಮ್ಮೆ ನೆನೆಯಲಿ.