ನೆಲದೊಳಗಿನ ನಾಣ್ಯಕ್ಕೆ ಎಷ್ಟು ಬೆಲೆಯ ಯಂತ್ರ?

ನಿಧಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಡೆಯ ಜನರ ಮನಸ್ಸಿನಲ್ಲಿ ಮೂಡುವುದು ಹೊನ್ನಿನ ಕೊಪ್ಪರಿಗೆ, ಅದನ್ನು ಕಾಯುವ ಸರ್ಪ, ಅಮಾವಾಸ್ಯೆಯ ರಾತ್ರಿ ಮತ್ತು ಅಂಜನ ಹಾಕಿ ನೋಡುವ ಮಾಂತ್ರಿಕ. ಇಂಗ್ಲೆಂಡಿನಲ್ಲಿ ಅದೇ ಮಾತಿಗೆ ಕಣ್ಣ ಮುಂದೆ ಬರುವ ಚಿತ್ರ ಬೇರೆ. ರಬ್ಬರ್ ಬೂಟು ತೊಟ್ಟು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಉತ್ತು ಬಿಟ್ಟ ಹೊಲದಲ್ಲಿ ಕೋಲಿನ ತುದಿಯ ದುಂಡನೆಯ ತಟ್ಟೆಯೊಂದನ್ನು ಅತ್ತಿಂದಿತ್ತ ಬೀಸುತ್ತ ಹಗಲು ಹೊತ್ತಿನಲ್ಲಿಯೇ ನಡೆಯುವ ಸಾಧಾರಣ ಗೃಹಸ್ಥನೊಬ್ಬನ ಚಿತ್ರ ಅದು. ಒಂದು ದೇಶದಲ್ಲಿ ಅಪರಾಧದ ವಾಸನೆ ಹೊತ್ತಿರುವ ಕೆಲಸ ಇನ್ನೊಂದು ದೇಶದಲ್ಲಿ ಮೀನು ಹಿಡಿಯುವಷ್ಟೇ ಸಹಜವಾದ ಹವ್ಯಾಸ.

ಈ ಹವ್ಯಾಸವನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿದ್ದು 2024ರಲ್ಲಿ, ಸಫೋಕ್ ಪ್ರಾಂತದಲ್ಲಿರುವ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದಾಗ. ಅಳಿಯಂದಿರು ವೈದ್ಯರು. ಪರಿಚಯದ ರೈತರೊಬ್ಬರು ತಮ್ಮ ಹೊಲದಲ್ಲಿ ಹುಡುಕಲು ಲಿಖಿತ ಅನುಮತಿ ಕೊಟ್ಟಿದ್ದರಿಂದ ಅವರಿಗೆ ಹೊಸ ಲೋಹಶೋಧಕ ಯಂತ್ರವೊಂದು ಬೇಕಾಗಿತ್ತು. ‘ಮಾವ, ನೀವು ಎಷ್ಟೋ ಖರೀದಿ ಸಮಿತಿಗಳಲ್ಲಿ ಕೂತವರು, ಇದನ್ನೂ ಒಮ್ಮೆ ನೋಡಿಬಿಡಿ’ ಎಂದು ಅವರು ಕರಪತ್ರಗಳ ಕಟ್ಟನ್ನು ನನ್ನ ಮುಂದಿಟ್ಟರು. ಟೆಂಡರಿನ ತುಲನಾ ತಖ್ತೆ ಬರೆದು ಪಳಗಿದ ಕೈಗೆ ಇದೇನೂ ಹೊಸದಲ್ಲ. ಆದರೆ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯದೆ ದರ ಹೋಲಿಸುವುದು ಸರ್ಕಾರಿ ಖರೀದಿಯ ಹಳೆಯ ರೋಗ. ಆದುದರಿಂದ ಮೊದಲು ಅದನ್ನು ತಿಳಿಯಲು ಕುಳಿತೆ.

ತತ್ವ ಸರಳವಾದುದು. ತಟ್ಟೆಯೊಳಗಿನ ತಂತಿಸುರುಳಿಯಲ್ಲಿ ಬದಲಾಗುತ್ತಿರುವ ವಿದ್ಯುತ್ ಹರಿಸಿದರೆ ಅದು ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಕಳುಹಿಸುತ್ತದೆ. ಅಲ್ಲಿರುವ ಲೋಹದಲ್ಲಿ ಸಣ್ಣ ಸುಳಿಪ್ರವಾಹ ಹುಟ್ಟುತ್ತದೆ. ಅದರ ಕ್ಷೀಣ ಪ್ರತಿಧ್ವನಿಯನ್ನು ಎರಡನೆಯ ಸುರುಳಿ ಹಿಡಿದುಕೊಳ್ಳುತ್ತದೆ. ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ದೇಹದಲ್ಲಿದ್ದ ಗುಂಡನ್ನು ಪತ್ತೆ ಮಾಡಲು ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲಿ ಪ್ರಯತ್ನಿಸಿದ್ದೂ ಇಂತಹುದೇ ಸಾಧನದಿಂದ. ಗುಂಡು ಸಿಗಲಿಲ್ಲ, ಅಧ್ಯಕ್ಷರೂ ಉಳಿಯಲಿಲ್ಲ.

ಮಾರುಕಟ್ಟೆಯಲ್ಲಿರುವ ಯಂತ್ರಗಳನ್ನು ಸ್ಥೂಲವಾಗಿ ಮೂರು ಮೆಟ್ಟಿಲುಗಳಲ್ಲಿ ಇಡಬಹುದು. ಕೆಳಗಿನ ಮೆಟ್ಟಿಲಿನಲ್ಲಿ ಅಮೆರಿಕದ ಗ್ಯಾರೆಟ್ ಸಂಸ್ಥೆಯ ಏಸ್ ಮಾಲಿಕೆ, ಆಸ್ಟ್ರೇಲಿಯಾದ ಮಿನೆಲ್ಯಾಬ್‌ನವರ ವ್ಯಾಂಕ್ವಿಶ್. ಇವು ಇನ್ನೂರು, ಮುನ್ನೂರು ಪೌಂಡಿನ ಆಸುಪಾಸಿನವು. ನಡುವೆ ಟರ್ಕಿಯ ನೊಕ್ಟಾ ಸಂಸ್ಥೆಯ ಲೆಜೆಂಡ್, ಸುಮಾರು ಐನೂರು ಪೌಂಡಿನದು. ಅದರ ಮೇಲೆ ಮಿನೆಲ್ಯಾಬ್‌ನ ಈಕ್ವಿನಾಕ್ಸ್ 900, ಎಲ್ಲಕ್ಕೂ ಮೇಲೆ ಸಾವಿರ ಪೌಂಡು ದಾಟಿದ ಫ್ರಾನ್ಸಿನ ಎಕ್ಸ್‌ಪಿ ಡೀಯಸ್ 2 ಮತ್ತು ಮಿನೆಲ್ಯಾಬ್‌ನ ಮ್ಯಾಂಟಿಕೋರ್. ಏಸ್ ಮಾಲಿಕೆ ಒಂದೇ ಕಂಪನಾಂಕದಲ್ಲಿ ಕೆಲಸ ಮಾಡುತ್ತದೆ. ಉಳಿದವು ಏಕಕಾಲಕ್ಕೆ ಹಲವು ಕಂಪನಾಂಕಗಳನ್ನು ಬಳಸುತ್ತವೆ. ಕಡಿಮೆ ಕಂಪನಾಂಕ ದೊಡ್ಡ ಬೆಳ್ಳಿ, ತಾಮ್ರಗಳನ್ನು ಚೆನ್ನಾಗಿ ಗುರುತಿಸುತ್ತದೆ. ಹೆಚ್ಚು ಕಂಪನಾಂಕ ತೆಳುವಾದ ಸಣ್ಣ ನಾಣ್ಯಗಳನ್ನು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಸುತ್ತಿಗೆಯಿಂದ ಬಡಿದು ಅಚ್ಚೊತ್ತಿದ ಬೆಳ್ಳಿಯ ಪೆನ್ನಿ ನಮ್ಮ ಹಳೆಯ ಹತ್ತು ಪೈಸೆಗಿಂತ ತೆಳು. ಅಂತಹುದನ್ನು ಹುಡುಕುವವನಿಗೆ ಹಲವು ಕಂಪನಾಂಕಗಳ ಯಂತ್ರ ನಿಜವಾಗಿಯೂ ಉಪಯುಕ್ತ. ಉಪ್ಪುನೀರು ನೆನೆಸಿದ ಕಡಲ ತೀರದಲ್ಲಂತೂ ಒಂಟಿ ಕಂಪನಾಂಕದ ಯಂತ್ರ ಸುಮ್ಮಸುಮ್ಮನೆ ಕಿರುಚುತ್ತಿರುತ್ತದೆ. ಅಲ್ಲಿಗೆ ಮೊದಲನೆಯ ಮೆಟ್ಟಿಲಿನ ಅರ್ಧಭಾಗ ಬಿದ್ದುಹೋಯಿತು.

ಅಲ್ಲಿಂದ ಮೇಲಕ್ಕೆ ಹೋಗಲು ಕರಪತ್ರಗಳು ಕೊಡುವ ಮುಖ್ಯ ಕಾರಣ ‘ಆಳ’. ನನಗೆ ಅತ್ಯಂತ ಕುತೂಹಲಕರವೆನಿಸಿದ ಸಂಗತಿಯೂ ಅದೇ. ಸಣ್ಣ ವಸ್ತುವಿನಿಂದ ಮರಳಿ ಬರುವ ಸಂಕೇತ ದೂರದ ಆರನೆಯ ಘಾತದ ಪ್ರಮಾಣದಲ್ಲಿ ಕುಗ್ಗುತ್ತದೆ. ಆಳ ಇಮ್ಮಡಿಯಾದರೆ ಸಂಕೇತ ಅರವತ್ತನಾಲ್ಕರಲ್ಲಿ ಒಂದು ಪಾಲಾಗುತ್ತದೆ. 20 ಸೆಂಟಿಮೀಟರಿನಲ್ಲಿ ಕಾಣುವ ನಾಣ್ಯವನ್ನು 25 ಸೆಂಟಿಮೀಟರಿನಲ್ಲಿಯೂ ಕಾಣಬೇಕಾದರೆ ಯಂತ್ರ ಸುಮಾರು ನಾಲ್ಕು ಪಟ್ಟು ಸೂಕ್ಷ್ಮವಾಗಿರಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇಳಿಮುಖ ಪ್ರತಿಫಲ ನಿಯಮವನ್ನು ಬೋಧಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮೂರು ಪಟ್ಟು ಹಣ ಕೊಟ್ಟವನಿಗೆ ಸಿಗುವುದು ಒಂದೆರಡು ಅಂಗುಲ.

ಆ ಒಂದೆರಡು ಅಂಗುಲವೂ ಬೇಕೇ ಎಂಬುದು ಮುಂದಿನ ಪ್ರಶ್ನೆ. ಅಲ್ಲಿನ ಹೊಲಗಳಲ್ಲಿ ಸಿಗುವ ವಸ್ತುಗಳಲ್ಲಿ ಬಹುಪಾಲು ನೇಗಿಲು ಮೇಲೆ ಕೆಳಗೆ ಮಾಡುವ ಮಣ್ಣಿನ ಪದರದಲ್ಲಿಯೇ ಇರುತ್ತವೆ. ನೇಗಿಲು ಮುಟ್ಟದ ಪದರದಲ್ಲಿ ಏನಾದರೂ ಕಂಡರೆ ಅಗೆಯುವುದನ್ನು ನಿಲ್ಲಿಸಿ ಪುರಾತತ್ವಜ್ಞರನ್ನು ಕರೆಯಬೇಕೆಂದು ಹವ್ಯಾಸಿಗಳಿಗಾಗಿ ರೂಪಿಸಿದ ನೀತಿಸಂಹಿತೆ ಹೇಳುತ್ತದೆ. ಹೂತಿಟ್ಟ ಮಡಕೆ ಅಲುಗದೆ ಇದ್ದರೆ ಅದರ ಸುತ್ತಲಿನ ಮಣ್ಣು, ಬೂದಿ, ಬಟ್ಟೆಯ ಚೂರು ಎಲ್ಲವೂ ಸಾಕ್ಷಿಗಳಾಗಿರುತ್ತವೆ. ಅಂದಮೇಲೆ ಪ್ರಾಮಾಣಿಕ ಹವ್ಯಾಸಿ ತಾನು ಅಗೆಯಬಾರದ ಆಳಕ್ಕೆಂದೇ ದುಪ್ಪಟ್ಟು ಹಣ ತೆರಬೇಕಾದ ಅಗತ್ಯವಾದರೂ ಏನು? ನನ್ನ ತಖ್ತೆಯಲ್ಲಿ ಆಳದ ಕಲಂಗೆ ಕನಿಷ್ಠ ಅಂಕ ಬಿತ್ತು.

ಹೆಚ್ಚು ಅಂಕ ಕೊಟ್ಟಿದ್ದು ಮೂರು ಗುಣಗಳಿಗೆ. ಮೊದಲನೆಯದು ತೂಕ. ಡೀಯಸ್ 2 ಮುಕ್ಕಾಲು ಕೆ.ಜಿ. ಸುಮಾರಿದ್ದರೆ ಈಕ್ವಿನಾಕ್ಸ್ ಒಂದೂಕಾಲು ಕೆ.ಜಿ.; ಲೆಜೆಂಡ್ ಅದಕ್ಕೂ ತುಸು ಹೆಚ್ಚು. ಅಂಗಡಿಯಲ್ಲಿ ಈ ವ್ಯತ್ಯಾಸ ತಿಳಿಯುವುದಿಲ್ಲ. ನಾಲ್ಕು ಗಂಟೆ ಬೀಸಿದ ಮೇಲೆ ಭುಜ ಹೇಳುತ್ತದೆ. ಎರಡನೆಯದು ಒಂದು ಸದ್ದಿನಿಂದ ಚೇತರಿಸಿಕೊಂಡು ಮುಂದಿನದನ್ನು ಹಿಡಿಯುವ ವೇಗ. ಹಳೆಯ ಊರುಗಳ ಸುತ್ತ ಕಬ್ಬಿಣದ ಮೊಳೆಗಳು ಚೆಲ್ಲಾಡಿರುತ್ತವೆ. ಮಂದಗತಿಯ ಯಂತ್ರಕ್ಕೆ ಮೊಳೆಯ ಪಕ್ಕದ ನಾಣ್ಯ ಕಾಣಿಸುವುದೇ ಇಲ್ಲ. ಮೂರನೆಯದು ಪ್ರತ್ಯೇಕಿಸುವ ಶಕ್ತಿ, ಅಂದರೆ ತೆರೆಯ ಮೇಲೆ ಅಂಕಿಯೊಂದನ್ನು ತೋರಿಸಿ ಇದು ಕಬ್ಬಿಣ, ಇದು ಬೆಳ್ಳಿ ಎಂದು ಹೇಳುವ ಗುಣ. ಹೊಸಬರು ಮಾರುಹೋಗುವುದು ಇದಕ್ಕೇ. ಸಿಗರೇಟು ಪೊಟ್ಟಣದ ಹಾಳೆ, ತಂಪುಪಾನೀಯದ ಡಬ್ಬಿಯ ಕಿವಿ ಮತ್ತು ಸಣ್ಣ ಚಿನ್ನದುಂಗುರ ಇವು ಮೂರೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತವೆ. ಕಸ ಬೇಡವೆಂದು ಆ ಅಂಕಿಯನ್ನು ಮುಚ್ಚಿಟ್ಟವನು ಚಿನ್ನವನ್ನೂ ಮುಚ್ಚಿಟ್ಟಂತೆ. ಇದಕ್ಕೆ ಸಾವಿರ ಪೌಂಡಿನ ಯಂತ್ರದಲ್ಲಿಯೂ ಪರಿಹಾರವಿಲ್ಲ.

ಕೊನೆಗೆ ನಾನು ಶಿಫಾರಸು ಮಾಡಿದ್ದು ನಡುಮೆಟ್ಟಿಲಿನ ಲೆಜೆಂಡನ್ನು. ಉಳಿದ ಹಣದಲ್ಲಿ ಮೊಳೆಗಳ ನಡುವೆ ಬಳಸಲು ಆರಂಗುಲದ ಚಿಕ್ಕ ತಟ್ಟೆ, ಅಗೆದ ಗುಂಡಿಯೊಳಗೆ ವಸ್ತು ಎಲ್ಲಿದೆಯೆಂದು ತೋರಿಸುವ ಕೈಶೋಧಕ, ಒಳ್ಳೆಯ ಗುದ್ದಲಿ ಮತ್ತು ಹೊಣೆಗಾರಿಕೆಯ ವಿಮೆಯೂ ಸೇರಿರುವ ಹವ್ಯಾಸಿಗಳ ರಾಷ್ಟ್ರೀಯ ಮಂಡಲಿಯ ಸದಸ್ಯತ್ವ. ಭುಜದ ನೋವು ಇರುವವರಾದರೆ ಡೀಯಸ್ಸಿಗೆ ಹಣ ಕೊಡಿ ಎನ್ನುತ್ತಿದ್ದೆ. ಅಳಿಯಂದಿರಿಗೆ ಇನ್ನೂ ನಲವತ್ತೆರಡು.

ದುಬಾರಿ ಯಂತ್ರಕ್ಕೂ ದೊಡ್ಡ ನಿಧಿಗೂ ಇರುವ ನಂಟು ಎಷ್ಟು ಸಡಿಲವೆಂಬುದಕ್ಕೆ ಆ ದೇಶದ ಎರಡು ಪ್ರಸಿದ್ಧ ಪ್ರಕರಣಗಳೇ ಸಾಕ್ಷಿ. 1992ರಲ್ಲಿ ಇದೇ ಸಫೋಕ್‌ನ ಹಾಕ್ಸನ್ ಗ್ರಾಮದಲ್ಲಿ ಎರಿಕ್ ಲಾಸ್ ಎಂಬ ನಿವೃತ್ತ ತೋಟಗಾರ ಹೊರಟಿದ್ದು ರೈತಮಿತ್ರನ ಕಳೆದುಹೋದ ಸುತ್ತಿಗೆಯನ್ನು ಹುಡುಕಲು. ಕೈಯಲ್ಲಿದ್ದುದು ನಿವೃತ್ತಿಯ ಉಡುಗೊರೆಯಾಗಿ ಬಂದ ಲೋಹಶೋಧಕ. ಸಿಕ್ಕಿದ್ದು ಸುಮಾರು 15 ಸಾವಿರ ರೋಮನ್ ನಾಣ್ಯಗಳೂ ಚಿನ್ನದ ಆಭರಣಗಳೂ ಇದ್ದ ಪೆಟ್ಟಿಗೆಯ ಅವಶೇಷ. ಆತ ಒಂದಷ್ಟು ತೆಗೆದೊಡನೆ ಕೈ ನಿಲ್ಲಿಸಿ ವಿಷಯ ಮುಟ್ಟಿಸಿದ್ದರಿಂದ ಉಳಿದುದನ್ನು ಪುರಾತತ್ವಜ್ಞರು ಕ್ರಮಬದ್ಧವಾಗಿ ಅಗೆದರು. ಪ್ರತಿಫಲವಾಗಿ ಬಂದ ಮೊತ್ತ 17.5 ಲಕ್ಷ ಪೌಂಡು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನ ಪಾಲು. 2009ರಲ್ಲಿ ಐದು ಕೆ.ಜಿ.ಗೂ ಮಿಕ್ಕ ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನದ ಸ್ಟ್ಯಾಫರ್ಡ್‌ಶೈರ್ ನಿಧಿಯನ್ನು ಕಂಡ ಟೆರಿ ಹರ್ಬರ್ಟ್ ಬಳಿ ಇದ್ದದ್ದು ಎರಡೂವರೆ ಪೌಂಡಿಗೆ ಕೊಂಡ ಹಳೆಯ ಯಂತ್ರ. ನಿಧಿಗೆ ಕಟ್ಟಿದ ಬೆಲೆ 32.85 ಲಕ್ಷ ಪೌಂಡು. ಹರ್ಬರ್ಟ್‌ಗೆ ಅರ್ಧ, ಹೊಲದ ಒಡೆಯನಿಗೆ ಅರ್ಧ.

ಇವರನ್ನು ಪ್ರಾಮಾಣಿಕರನ್ನಾಗಿ ಉಳಿಸಿದ್ದು ಸ್ವಭಾವ ಮಾತ್ರವಲ್ಲ, ಕಾನೂನಿನ ರಚನೆಯೂ ಹೌದು. 1996ರ ಬ್ರಿಟಿಷ್ ನಿಧಿ ಕಾಯ್ದೆಯ ಪ್ರಕಾರ ಮುನ್ನೂರು ವರ್ಷಕ್ಕೂ ಹಳೆಯದಾದ ಚಿನ್ನ, ಬೆಳ್ಳಿಯ ವಸ್ತು ಸಿಕ್ಕರೆ ಹದಿನಾಲ್ಕು ದಿನಗಳೊಳಗೆ ಕೊರೊನರ್ ಎಂಬ ಅಧಿಕಾರಿಗೆ ತಿಳಿಸಬೇಕು. ವಸ್ತುಸಂಗ್ರಹಾಲಯಕ್ಕೆ ಅದು ಬೇಕಾದರೆ ಸ್ವತಂತ್ರ ಸಮಿತಿ ನಿಗದಿಪಡಿಸಿದ ಪೂರ್ಣ ಮಾರುಕಟ್ಟೆ ಬೆಲೆಯನ್ನು ಕೊಡಬೇಕು. 2023ರಲ್ಲಿ ಈ ವ್ಯಾಖ್ಯೆಯನ್ನು ವಿಸ್ತರಿಸಿ, ವಿಶೇಷ ಮಹತ್ವವಿದ್ದರೆ ಇನ್ನೂರು ವರ್ಷ ಮೀರಿದ ಇತರ ಲೋಹದ ವಸ್ತುಗಳನ್ನೂ ಸೇರಿಸಿದರು. ನಿಧಿಯಲ್ಲದ ಸಾಮಾನ್ಯ ಗುಂಡಿ, ಬಕಲು, ನಾಣ್ಯಗಳನ್ನು ದಾಖಲಿಸಲು ಬೇರೆಯೇ ಯೋಜನೆಯಿದೆ. 1997ರಲ್ಲಿ ಆರಂಭವಾದ ಅದರ ಕೋಶದಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳ ವಿವರಗಳಿವೆ. ಇಷ್ಟಾದರೂ ಕಳ್ಳರಿಲ್ಲವೆಂದಲ್ಲ. ಸುಮಾರು 20 ಸಾವಿರ ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಈ ಯಂತ್ರ ಬಳಸುವುದೇ ಅಪರಾಧವಾದರೂ ರಾತ್ರಿ ಅಗೆಯುವವರು ಇದ್ದಾರೆ. 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ಸಿಕ್ಕ ವೈಕಿಂಗ್ ಕಾಲದ ನಿಧಿಯನ್ನು ಬಚ್ಚಿಟ್ಟು ಮಾರಿದ ಇಬ್ಬರಿಗೆ 2019ರಲ್ಲಿ ದೀರ್ಘ ಸೆರೆವಾಸವಾಯಿತು. ವರದಿ ಮಾಡಿದ್ದರೆ ನ್ಯಾಯವಾಗಿಯೇ ಲಕ್ಷಾಂತರ ಪೌಂಡು ಪಡೆಯಬಹುದಾಗಿದ್ದವರು ಅವರು.

ಊರಿಗೆ ಮರಳಿದ ಮೇಲೆ ಈ ಕಥೆ ಕೇಳಿದ ಗೆಳೆಯರಿಬ್ಬರು, ತಮಗೂ ಒಂದು ಯಂತ್ರ ತರಿಸಿಕೊಡಬಹುದೇ ಎಂದು ಕೇಳಿದರು. ತೋಟದಲ್ಲಿ ಬಿದ್ದುಹೋದ ಮೂಗುತಿ ಹುಡುಕಲಾದರೆ ಧಾರಾಳವಾಗಿ ಕೊಳ್ಳಿ, ಅದಕ್ಕೆ ಅಗ್ಗದ್ದೇ ಸಾಕು ಎಂದೆ. ಹಳೆಯ ಗುಡಿಯ ಹಿಂದಿನ ದಿಬ್ಬಕ್ಕಾದರೆ ಬೇಡ. ರಕ್ಷಿತ ಸ್ಮಾರಕದ ಸುತ್ತಲಿನ ನೂರು ಮೀಟರು ನಿಷೇಧಿತ ಪ್ರದೇಶ. ನೂರು ವರ್ಷ ದಾಟಿದ ಪುರಾವಸ್ತುವಿನ ವ್ಯವಹಾರಕ್ಕೆ 1972ರ ಕಾಯ್ದೆಯ ಕಟ್ಟುಪಾಡಿದೆ. ನೂರಾರು ಅಡಿ ದೂರದಿಂದಲೇ ಚಿನ್ನ ತೋರಿಸುತ್ತದೆಂದು ಮಾರುವ ಕಡ್ಡಿ, ಆಂಟೆನಾಗಳ ಉಪಕರಣಗಳಂತೂ ಶುದ್ಧ ಮೋಸ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯಂತಹ ಸಾಧನವನ್ನೇ ಬಾಂಬ್ ಶೋಧಕವೆಂದು ಇರಾಕಿಗೆ ಮಾರಿದ ಬ್ರಿಟಿಷ್ ವ್ಯಾಪಾರಿಗೆ 2013ರಲ್ಲಿ ಹತ್ತು ವರ್ಷ ಶಿಕ್ಷೆಯಾಯಿತು. ಅದೇ ವರ್ಷ ನಮ್ಮ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ ಸಾಧುವೊಬ್ಬರ ಕನಸಿನ ಸಾವಿರ ಟನ್ ಚಿನ್ನದ ಸುದ್ದಿಯ ಬೆನ್ನಿಗೆ ಸರ್ಕಾರದ ಪುರಾತತ್ವ ಇಲಾಖೆಯೇ ಗುದ್ದಲಿ ಹಿಡಿದು, ಬರಿಗೈಯಲ್ಲಿ ಮರಳಿತು.

ನಮ್ಮಲ್ಲಿ ನಿಧಿಯಾಸೆಗೆ ಬಲಿಯಾಗುವುದು ಕಲ್ಲು. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನು ನಿಧಿಗಳ್ಳರು ಕೆಡವಿಹಾಕಿದ್ದು ಓದುಗರಿಗೆ ನೆನಪಿರಬಹುದು. ಊರ ಹೊರಗಿನ ಎಷ್ಟು ನಂದಿಗಳ ಪೀಠ ಬಗೆದಿದೆಯೋ, ಲೆಕ್ಕವಿಲ್ಲ. ಇದೇ ನೆಲದಲ್ಲಿ ಯಶವಂತಪುರದ ರೈಲು ಹಳಿಯ ಕೆಲಸದ ವೇಳೆ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ನಿಕ್ಷೇಪ ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಂಡದ್ದು ಅಶೋಕನ ಹೆಸರನ್ನು ಹೊತ್ತ ಶಾಸನವನ್ನು. ಅವರು ಅದನ್ನು ಒಡೆಯಲಿಲ್ಲ, ತಿಳಿಸಿದರು.

ನಮ್ಮ ರೈತ ಏಕೆ ತಿಳಿಸುವುದಿಲ್ಲ? 1878ರ ಭಾರತೀಯ ನಿಧಿ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ವರದಿ ಮಾಡಬೇಕೆನ್ನುತ್ತದೆ. ಮಾಡದಿದ್ದರೆ ಒಂದು ವರ್ಷದವರೆಗೆ ಸೆರೆ. ವಾರಸುದಾರರಿಲ್ಲವೆಂದು ತೀರ್ಮಾನವಾದರೆ ಕಂಡವನಿಗೆ ಮುಕ್ಕಾಲು, ನೆಲದ ಒಡೆಯನಿಗೆ ಕಾಲು ಪಾಲು. ಕೇಳಲು ಉದಾರವಾಗಿಯೇ ಇದೆ. ಆದರೆ ಸರ್ಕಾರ ಅದನ್ನು ತಾನೇ ಪಡೆಯಬಯಸಿದರೆ ಕೊಡಬೇಕಾದುದು ಲೋಹದ ಬೆಲೆ ಮತ್ತು ಅದರ ಐದನೆಯ ಒಂದು ಭಾಗ, ಅಷ್ಟೇ. ಅಂದರೆ ಗಂಗರ ಕಾಲದ ಹೊನ್ನಿಗೂ ನಿನ್ನೆ ಕರಗಿಸಿದ ಗಟ್ಟಿಗೂ ಕಾಯ್ದೆಯ ತಕ್ಕಡಿಯಲ್ಲಿ ವ್ಯತ್ಯಾಸ ತೂಕದ್ದು ಮಾತ್ರ. ಪಂಚನಾಮೆ, ವಿಚಾರಣೆ, ಕಾಯುವಿಕೆ ಯಾವುದೂ ಇಲ್ಲದೆ ಲೋಹದ ಬೆಲೆಯನ್ನು ಪೇಟೆಯ ಅಕ್ಕಸಾಲಿಗನೂ ಕೊಡುತ್ತಾನೆ, ಅಂದೇ ಸಂಜೆ. ಅವನ ಕುಲುಮೆಯಲ್ಲಿ ಕರಗುವುದು ಚಿನ್ನದ ಜೊತೆಗೆ ಚರಿತ್ರೆ. ಕರ್ನಾಟಕಕ್ಕೆ 1962ರಿಂದ ತನ್ನದೇ ನಿಧಿ ಕಾಯ್ದೆ ಇದೆಯಾದರೂ ಹಳ್ಳಿಗರ ಭಯ ಹಳೆಯದೇ.

ಎಂಬತ್ತರ ದಶಕದಲ್ಲಿ ನಾನು ಬಯಲುಸೀಮೆಯ ಉಪವಿಭಾಗವೊಂದರಲ್ಲಿದ್ದಾಗ, ಪಾಯ ತೋಡುವಾಗ ತಾಮ್ರದ ಚೊಂಬಿನಲ್ಲಿ ಬೆಳ್ಳಿ ನಾಣ್ಯ ಸಿಕ್ಕ ರೈತರೊಬ್ಬರು ಅದನ್ನು ಪಂಚೆಯಲ್ಲಿ ಕಟ್ಟಿಕೊಂಡು ನೇರವಾಗಿ ಕಚೇರಿಗೆ ಬಂದಿದ್ದರು. ‘ಸ್ವಾಮಿ, ಇದು ಮನೆಯಲ್ಲಿದ್ದರೆ ನಿದ್ದೆ ಬರೋದಿಲ್ಲ, ನೀವೇ ಇಟ್ಕೊಳ್ಳಿ’ ಎಂದರು. ಎಣಿಸಿ, ಮೊಹರು ಮಾಡಿ ಖಜಾನೆಗೆ ಕಳುಹಿಸಿದೆವು. ಆಮೇಲೆ ನಾಲ್ಕು ಬಾರಿ ಅವರನ್ನು ಹೇಳಿಕೆಗೆಂದು ಕರೆಸಲಾಯಿತು. ಉಳಿದ ನಾಣ್ಯ ಎಲ್ಲಿ ಎಂದು ಪೊಲೀಸರು ಎರಡು ಬಾರಿ ಮನೆ ನೋಡಿದರು. ನನಗೆ ವರ್ಗವಾಗುವವರೆಗೆ ಆ ಕಡತ ಮೂರು ಕಚೇರಿಗಳ ನಡುವೆ ಓಡಾಡುತ್ತಲೇ ಇತ್ತು. ಅದೇ ಊರಿನಲ್ಲಿ ಎರಡು ವರ್ಷದ ನಂತರ ಇನ್ನೊಂದು ಚೊಂಬು ಸಿಕ್ಕಿತೆಂಬ ವದಂತಿ ಹಬ್ಬಿತು. ಈ ಸಲ ಕಚೇರಿಗೆ ಯಾರೂ ಬರಲಿಲ್ಲ.