ಸ್ಥಾನಬಲ

ಮಂಡ್ಯ ಜಿಲ್ಲೆಯ ಕ್ಯಾತನಹಳ್ಳಿಯಂತಹ ಊರುಗಳಲ್ಲಿ ಚದುರಂಗದ ಹಲಗೆಯನ್ನು ಕಾಣದವರೂ ಹುಲಿ-ಕುರಿ ಆಟವನ್ನು ಬಲ್ಲರು. ಕಲ್ಲುಚಪ್ಪಡಿಯ ಮೇಲೆ ಗೆರೆ ಎಳೆದು, ಕೆಲವು ಹರಳುಗಳನ್ನು ಹುಲಿಗಳೆಂದೂ ಹಲವು ಹರಳುಗಳನ್ನು ಕುರಿಗಳೆಂದೂ ಕರೆದರೆ ಆಟ ಸಿದ್ಧ. ಹುಲಿಯು ಕುರಿಯ ಮೇಲೆ ಹಾರಿ ಅದನ್ನು ಕೊಲ್ಲಬಲ್ಲದು. ಕುರಿಗೆ ಅಂತಹ ಬಲವಿಲ್ಲ. ಆದರೂ ಒಂದಕ್ಕೊಂದು ಒತ್ತಾಸೆಯಾಗಿ ನಿಂತ ಕುರಿಗಳು ಹುಲಿಯನ್ನು ಅಲುಗಾಡದಂತೆ ಕಟ್ಟಿಹಾಕುತ್ತವೆ. ನಿಂತ ನೆಲೆಯಿಂದ ದೊರೆಯುವ ಈ ಶಕ್ತಿಯನ್ನೇ ಹಿರಿಯರು ಸ್ಥಾನಬಲವೆಂದು ಕರೆದರು. ಚದುರಂಗದ ಆಟದಲ್ಲಿ ಮೇಲುಗೈ ಪಡೆಯಬಯಸುವವನು ಮೊದಲು ಅರಿಯಬೇಕಾದುದು ಇದನ್ನೇ.

ಆಟವನ್ನು ಹೊಸದಾಗಿ ಕಲಿತವರು ಕಾಯಿಗಳ ಬೆಲೆಯನ್ನು ಬಹುಬೇಗ ಬಾಯಿಪಾಠ ಮಾಡುತ್ತಾರೆ. ಕಾಲಾಳಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ರಾಣಿಯೆಂದೂ ಕರೆಯಲ್ಪಡುವ ಮಂತ್ರಿಗೆ 9. ಈ ಲೆಕ್ಕ ತಪ್ಪಲ್ಲ, ಆದರೆ ಅಪೂರ್ಣ. ಬರಿದಾದ ಹಲಗೆಯ ನಡುವಿನ ಮನೆಯಲ್ಲಿ ಒಂದು ಕುದುರೆಯನ್ನಿಟ್ಟು ನೋಡಿದರೆ ಅದಕ್ಕೆ 8 ಮನೆಗಳಿಗೆ ಜಿಗಿಯುವ ದಾರಿಯಿದೆ. ಅದೇ ಕುದುರೆಯನ್ನು ಮೂಲೆಗಿಟ್ಟರೆ ಎರಡೇ ದಾರಿ. ಒಂಟೆಗೆ ನಡುವಿನಲ್ಲಿ 13 ಮನೆ, ಮೂಲೆಯಲ್ಲಿ 7. ಮಂತ್ರಿಗೆ ನಡುವಿನಲ್ಲಿ 27, ಮೂಲೆಯಲ್ಲಿ 21. ಆನೆಯೊಂದು ಮಾತ್ರ ಎಲ್ಲಿ ನಿಂತರೂ 14 ಮನೆಗಳನ್ನು ಆಳುತ್ತದೆ. ಆದರೆ ತನ್ನ ಕಾಲಾಳೇ ಎದುರಿಗೆ ಅಡ್ಡ ನಿಂತಿದ್ದರೆ ಆನೆಯೂ ಕಟ್ಟಿಹಾಕಿದ ಆನೆಯೇ. ಆದುದರಿಂದ ಅದಕ್ಕೆ ಕಾಲಾಳುಗಳಿಲ್ಲದ ತೆರೆದ ಸಾಲು ಬೇಕು.

ಕುದುರೆಯ ಈ ಗುಣವನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಷ್ಟು ತಾಳ್ಮೆಯಿಂದ ಪರಿಶೀಲಿಸಿದವರು ವಿರಳ. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಐದು ವರ್ಷದ ಬಾಲಕರಾಗಿ ಪಟ್ಟವೇರಿದ ಅವರು, 1831ರಲ್ಲಿ ಆಡಳಿತವನ್ನು ಬ್ರಿಟಿಷರಿಗೆ ಬಿಟ್ಟುಕೊಡಬೇಕಾಯಿತು. ಬಳಿಕ 1868ರಲ್ಲಿ ತೀರಿಕೊಳ್ಳುವವರೆಗೂ ಅವರ ಆಸಕ್ತಿ ಸಾಹಿತ್ಯ, ಸಂಗೀತ, ಆಟಗಳತ್ತ ಹರಿಯಿತು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗವು ಆಟಗಳಿಗೇ ಮೀಸಲು. ಒಂದು ಮನೆಯನ್ನು ಎರಡು ಬಾರಿ ಮೆಟ್ಟದೆ 64 ಮನೆಗಳನ್ನೂ ಕುದುರೆಯು ಸುತ್ತಿಬರುವಂತೆ ಮಾಡುವ ಸಮಸ್ಯೆಗೆ ಅವರು ಹಲವು ಪರಿಹಾರಗಳನ್ನು ರಚಿಸಿದರು. ಕಾಗದದ ಮೇಲೆ ಇದನ್ನು ಯತ್ನಿಸಿದವರಿಗೆ ತೊಡಕು ಎಲ್ಲಿದೆಯೆಂಬುದು ಬೇಗನೆ ತಿಳಿಯುತ್ತದೆ. ಮೂಲೆಯ ಮನೆಗೆ ಇರುವುದು ಎರಡೇ ಬಾಗಿಲು. ಒಂದು ಒಳಬರಲು, ಇನ್ನೊಂದು ಹೊರಹೋಗಲು. ಅವುಗಳಲ್ಲೊಂದನ್ನು ಮೊದಲೇ ಮುಚ್ಚಿಕೊಂಡರೆ ಮೂಲೆಗೆ ಹೊಕ್ಕ ಕುದುರೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಅದೇ ಮೈಸೂರು ನಗರದ ಎಂ.ಎಸ್. ತೇಜ್‌ಕುಮಾರ್ ಅವರು 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು.

ಹೀಗೆ ನಡುವಿನ ನಾಲ್ಕು ಮನೆಗಳ ಮೇಲೆ ಹಿಡಿತವಿರುವವನ ಕಾಯಿಗಳಿಗೆ ಸಹಜವಾಗಿಯೇ ಬಲ ಹೆಚ್ಚು. ಆದುದರಿಂದ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುವುದು ಒಳ್ಳೆಯ ಆರಂಭ. ಅದರಿಂದ ಒಂಟೆಗೂ ಮಂತ್ರಿಗೂ ದಾರಿ ತೆರೆಯುತ್ತದೆ. ಇಲ್ಲಿ ಎಳೆಯರು ಮಾಡುವ ತಪ್ಪೊಂದುಂಟು. ದಾರಿ ತೆರೆದೊಡನೆ ಬಿಳಿಯವನು ಮಂತ್ರಿಯನ್ನು ಬಲ ಅಂಚಿಗೆ ಓಡಿಸುತ್ತಾನೆ. ಒಂಟೆಯನ್ನೂ ಜತೆಗೂಡಿಸಿ, ಕಪ್ಪು ರಾಜನ ಬದಿಯ ಒಂಟೆಯ ಮುಂದಿರುವ ಕಾಲಾಳಿಗೆ ಗುರಿಯಿಡುತ್ತಾನೆ. ಆ ಕಾಲಾಳಿಗೆ ರಾಜನ ಹೊರತು ಬೇರೆ ಕಾವಲಿಲ್ಲ. ಎದುರಾಳಿ ಎಚ್ಚರ ತಪ್ಪಿದರೆ ನಾಲ್ಕನೆಯ ನಡೆಗೇ ಆಟ ಮುಗಿಯುತ್ತದೆ. ಆದರೆ ಅವನು ಒಂದು ಕುದುರೆಯಿಂದ ತನ್ನ ನಡುವಿನ ಕಾಲಾಳನ್ನು ಕಾಯ್ದು, ಇನ್ನೊಂದು ಕಾಲಾಳನ್ನು ಒಂದು ಮನೆ ಸರಿಸಿ ಮಂತ್ರಿಯನ್ನು ಬೆದರಿಸಿ, ಎರಡನೆಯ ಕುದುರೆಯನ್ನೂ ಹೊರತಂದನೆನ್ನಿ. ಆಗ ಬಿಳಿಯ ಮಂತ್ರಿ ಎರಡು ಬಾರಿ ಅಲೆದು, ತನ್ನದೇ ಕುದುರೆ ಬರಬೇಕಾದ ಮನೆಯಲ್ಲಿ ನಿಂತಿರುತ್ತದೆ. ಕಪ್ಪಿನ ಎರಡು ಕುದುರೆಗಳೂ ಆಗಲೇ ಕಣದಲ್ಲಿರುತ್ತವೆ. ಬೆದರಿಕೆಗಿಂತ ಕಾಯಿಗಳನ್ನು ಹೊರತರುವುದೇ ಲಾಭಕರವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ರಾಜನ ರಕ್ಷಣೆ. ನಮ್ಮ ಹಳೆಯ ಪದ್ಧತಿಯಲ್ಲಿ ರಾಜನು ಒಮ್ಮೆ ಮಾತ್ರ ಕುದುರೆಯಂತೆ ಜಿಗಿಯಬಹುದಿತ್ತು. ಈಗಿನ ನಿಯಮದಂತೆ ರಾಜನು ಆನೆಯ ಕಡೆಗೆ ಎರಡು ಮನೆ ಸರಿದು, ಆನೆಯು ಅವನನ್ನು ದಾಟಿ ನಿಂತು ಕೋಟೆಯಾಗುತ್ತದೆ. ಕೋಟೆ ಕಟ್ಟಿದ ಮಾತ್ರಕ್ಕೆ ಮೈಮರೆಯುವಂತಿಲ್ಲ. ಕ್ಯಾತನಹಳ್ಳಿಗೆ ದೂರವಲ್ಲದ ಶ್ರೀರಂಗಪಟ್ಟಣಕ್ಕೆ ಕಾವೇರಿಯೇ ಕಂದಕವಾಗಿತ್ತು. ಆದರೆ ಬೇಸಗೆಯಲ್ಲಿ ಹೊಳೆ ಬತ್ತಿ, ವಾಯವ್ಯ ಮೂಲೆಯ ಬಳಿ ಗೋಡೆ ಬಿರಿದಾಗ, 1799ರ ಮೇ 4ರ ಮಧ್ಯಾಹ್ನ ಶತ್ರುಸೇನೆ ಹೊಳೆ ದಾಟಿ ಒಳನುಗ್ಗಿತು. ಉಳಿದ ಕಡೆ ಗೋಡೆ ಎಷ್ಟು ಗಟ್ಟಿಯಾಗಿದ್ದರೇನು? ರಾಜನ ಮುಂದಿರುವ ಮೂರು ಕಾಲಾಳುಗಳೂ ಅಂತಹ ಗೋಡೆಯೇ. ಮುಂದಿಟ್ಟ ಕಾಲಾಳು ಹಿಂದೆ ಬಾರದು. ಅದು ಬಿಟ್ಟುಹೋದ ಬಿರುಕು ಆಟ ಮುಗಿಯುವವರೆಗೂ ಉಳಿಯುತ್ತದೆ.

ಕಾಯಿಗಳು ಬಹುಪಾಲು ಕಡಿದುಹೋದ ಮೇಲೆ ಪರಿಸ್ಥಿತಿ ತಲೆಕೆಳಗಾಗುತ್ತದೆ. ಅಷ್ಟು ಹೊತ್ತು ಮೂಲೆಯಲ್ಲಿ ಅಡಗಿದ್ದ ರಾಜನೇ ಈಗ ಯೋಧನಾಗಿ ನಡುವಿಗೆ ಬರಬೇಕು. ಹಲಗೆಯ ಮೇಲೆ ಇಬ್ಬರು ರಾಜರೂ ಒಂದು ಕಾಲಾಳೂ ಮಾತ್ರ ಉಳಿದಿರುವಾಗ, ಆ ಕಾಲಾಳನ್ನು ಕೊನೆಯ ಸಾಲಿಗೆ ಮುಟ್ಟಿಸಿ ಮಂತ್ರಿಯಾಗಿಸುವುದೇ ಗೆಲುವು. ಅವಸರದವನು ಕಾಲಾಳನ್ನು ಮುಂದೆ ದೂಡಿ ರಾಜನನ್ನು ಹಿಂದೆ ಬಿಡುತ್ತಾನೆ, ಆಟ ಸಮವಾಗುತ್ತದೆ. ಬಲ್ಲವನು ರಾಜನನ್ನೇ ಮುಂದೆ ನಡೆಸುತ್ತಾನೆ. ಒಂದೇ ಮನೆಯ ಅಂತರದಲ್ಲಿ ಇಬ್ಬರು ರಾಜರು ಎದುರುಬದುರಾಗಿ ನಿಂತಾಗ, ನಡೆಯುವ ಸರದಿ ಯಾರದೋ ಅವನೇ ಪಕ್ಕಕ್ಕೆ ಸರಿದು ದಾರಿ ಬಿಡಬೇಕಾಗುತ್ತದೆ. ತನ್ನ ಕಾಲಾಳಿನ ಮುಂದೆ ಆರನೆಯ ಸಾಲನ್ನು ರಾಜನು ಸೇರಿಬಿಟ್ಟರಂತೂ ಸರದಿ ಯಾರದಾದರೂ ಗೆಲುವು ಅವನದೇ. ಹಲಗೆಯ ಎರಡು ಅಂಚಿನ ಸಾಲುಗಳ ಕಾಲಾಳಿಗೆ ಮಾತ್ರ ಈ ಮಾತು ಸಲ್ಲದು. ಅಲ್ಲಿ ಎದುರಾಳಿಯ ರಾಜನು ಮೂಲೆಯನ್ನು ಹಿಡಿದು ಕುಳಿತರೆ ಅವನನ್ನು ಕದಲಿಸಲು ಸಾಧ್ಯವಿಲ್ಲ.